ಕಾಫಿ ಕ್ಯೂರಿಂಗ್ ವರ್ಕ್ಸಿನ ಆರೋಗ್ಯ ತಪಾಸಣೆಗೆ ನಾನು ಅಣಿಯಾದ ಬಗೆ

ಕುಶಾಲನಗರದ ಪಕ್ಕದ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿರುವ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನ, ಅಂದರೆ ಒಣಗಿದ ಕಾಫಿಯ ಸಿಪ್ಪೆ ಬಿಡಿಸಿ ಬೀಜ ವಿಂಗಡಿಸುವ ಕಾರ್ಖಾನೆಯ, ಗ್ರೇಡಿಂಗ್ ವಿಭಾಗದಲ್ಲಿ ನಾನು ಕೆಲಸ ಮಾಡುತ್ತೇನೆ. ಕಳೆದ ಫೆಬ್ರವರಿಯಲ್ಲಿ, ಹಣ್ಣು ಕೊಯ್ಲು ಮುಗಿಯುತ್ತ ಬಂದು ನಮ್ಮಲ್ಲಿ ಯಂತ್ರಗಳು ಬಿಡುವಿಲ್ಲದೆ ಓಡುತ್ತಿದ್ದ ಕಾಲದಲ್ಲಿ, ವಾರ್ಷಿಕ ಆರೋಗ್ಯ ತಪಾಸಣೆಯ ಸೂಚನೆಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿದರು. ಖಾಲಿ ಹೊಟ್ಟೆಯಲ್ಲಿ ಬರಬೇಕು, ಗುರುತಿನ ಚೀಟಿ ತರಬೇಕು, ವಿಭಾಗದ ಪ್ರಕಾರ ಸರದಿ ಎಂಬುದನ್ನು ಬಿಟ್ಟರೆ ಅದರಲ್ಲಿ ಬೇರೆ ಸಲಹೆ ಇರಲಿಲ್ಲ. ತಪಾಸಣೆಯ ಪಟ್ಟಿ ಮಾತ್ರ ಉದ್ದವಾಗಿತ್ತು: ರಕ್ತ, ಮೂತ್ರ, ರಕ್ತದೊತ್ತಡ, ಕಣ್ಣು, ಕಿವಿ, ಶ್ವಾಸಕೋಶ, ಇಸಿಜಿ, ಎದೆಯ ಎಕ್ಸ್‌ರೇ. ಖಾಲಿ ಹೊಟ್ಟೆಯ ನಿಯಮ ಇವುಗಳಲ್ಲಿ ರಕ್ತದ ಕೆಲವು ಪರೀಕ್ಷೆಗಳಿಗೆ ಮಾತ್ರ ಸಲ್ಲುವಂಥದ್ದು. ಉಳಿದ ಒಂದೊಂದಕ್ಕೂ ಬೇರೆಯದೇ ಸಿದ್ಧತೆ ಬೇಕು, ಮತ್ತು ಅವು ಕೆಲವೊಮ್ಮೆ ಒಂದಕ್ಕೊಂದು ಅಡ್ಡ ಬರುತ್ತವೆ ಎಂಬುದು ತಯಾರಿಗೆ ತೊಡಗಿದ ಮೇಲೆಯೇ ನನಗೆ ಸ್ಪಷ್ಟವಾಯಿತು.

ತಪಾಸಣೆ ಎಂದೊಡನೆ ನಮ್ಮ ವಿಭಾಗದಲ್ಲಿ ಎದ್ದ ಮಾತುಗಳೆಲ್ಲ ಪಾಸಾಗುವುದರ ಕುರಿತಾಗಿದ್ದವು. ಒಂದು ವಾರ ಸಕ್ಕರೆ ಬಿಟ್ಟರೆ ಸಾಕಂತೆ, ಮುನ್ನಾದಿನ ಹಾಗಲಕಾಯಿ ರಸ ಕುಡಿದರೆ ಶುಗರ್ ಇಳಿಯುತ್ತದಂತೆ ಎಂದು ಒಬ್ಬೊಬ್ಬರೂ ಒಂದೊಂದು ಹೇಳಿದರು. ನನಗೆ ಇದು ಒಪ್ಪಿಗೆಯಾಗಲಿಲ್ಲ. ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಪಟ್ಟಿಯಲ್ಲಿ ಇದ್ದುದರಿಂದ ವಾರದ ಪಥ್ಯ ಅಲ್ಲಿ ಹೇಗೂ ನಡೆಯುವುದಿಲ್ಲ; ನಡೆದರೂ, ವರ್ಷಕ್ಕೊಮ್ಮೆ ಬಿಟ್ಟಿಯಾಗಿ ಸಿಗುವ ಪರೀಕ್ಷೆಯನ್ನು ಮೋಸಗೊಳಿಸಿ ಲಾಭವಾಗುವುದು ಯಾರಿಗೆ? ಇದು ಮಾಲೀಕರ ಕೃಪೆಯೂ ಅಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ, 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆಯಲ್ಲಿ ಉಚಿತ ವಾರ್ಷಿಕ ತಪಾಸಣೆಯನ್ನು ಉದ್ಯೋಗದಾತರ ಕರ್ತವ್ಯವೆಂದೇ ಹೇಳಿದ್ದು, 40 ವರ್ಷ ದಾಟಿದ ಕೆಲಸಗಾರರಿಗೆ ಅದು ಸಿಗಬೇಕೆಂದು ಕೇಂದ್ರ ಸರ್ಕಾರ ಪ್ರಕಟಿಸಿದೆ. ಆ ವಯಸ್ಸನ್ನು ನಾನು ದಾಟಿದ್ದೇನೆ. ಆದ್ದರಿಂದ, ನಿತ್ಯ ನಾನು ಹೇಗಿರುತ್ತೇನೋ ಹಾಗೆಯೇ ಪರೀಕ್ಷೆಗೆ ಕುಳಿತುಕೊಳ್ಳಬೇಕು, ಅಂಕಿಗಳು ಆ ದಿನದ ಗಡಿಬಿಡಿಯಿಂದ ಏರುಪೇರಾಗದಂತೆ ಮಾತ್ರ ನೋಡಿಕೊಳ್ಳಬೇಕು ಎಂದು ನಿಶ್ಚಯಿಸಿಕೊಂಡೆ.

ಹೆಚ್ಚು ತಲೆಕೆಡಿಸಿಕೊಂಡದ್ದು ಕಿವಿಯ ಪರೀಕ್ಷೆಗೆ. ಒಣಗಿದ ಚೆರ್ರಿಯ ಸಿಪ್ಪೆ ಬಿಡಿಸುವ ಹಲ್ಲರ್, ಗಾತ್ರಕ್ಕೆ ತಕ್ಕಂತೆ ಬೀಜ ಬೇರ್ಪಡಿಸುವ ಅಲುಗಾಡುವ ಜರಡಿಗಳು, ಗಾಳಿಯಿಂದ ಹಗುರ ಬೀಜವನ್ನು ಮೇಲೆತ್ತುವ ಕ್ಯಾಟಡಾರ್, ಎಲಿವೇಟರುಗಳು ಎಲ್ಲವೂ ಒಟ್ಟಿಗೆ ಓಡುವಾಗ ಒಂದು ಮಾರು ದೂರದಲ್ಲಿ ನಿಂತವರಿಗೂ ಕೂಗಿಯೇ ಹೇಳಬೇಕು. ತೋಳಿನಳತೆಯ ದೂರದಲ್ಲಿರುವವರಿಗೆ ದನಿ ಎತ್ತಿ ಮಾತಾಡಬೇಕಾದರೆ ಅಲ್ಲಿನ ಸದ್ದು ಸುಮಾರು 85 ಡೆಸಿಬಲ್ ಮುಟ್ಟಿದೆ ಎಂದು ತಿಳಿಯಬಹುದು. ದಿನಕ್ಕೆ ಎಂಟು ಗಂಟೆ, ವರ್ಷಗಟ್ಟಲೆ, ಅಂಥ ಸದ್ದಿನಲ್ಲಿದ್ದರೆ ಶ್ರವಣಶಕ್ತಿ ಕುಂದುತ್ತದೆ. ಆದರೆ ಪಾಳಿ ಮುಗಿಸಿ ಹೊರಗೆ ಬಂದಾಗ ಕಿವಿ ಮಂದವಾಗಿ, ಒಳಗೆ ಗುಂಯ್ ಎನ್ನುವುದು ಬೇರೆ ಸಂಗತಿ. ಅದು ತಾತ್ಕಾಲಿಕ, ವಿಶ್ರಾಂತಿ ಸಿಕ್ಕರೆ ಸರಿಹೋಗುತ್ತದೆ. ಆ ಮಂದತನ ಇಳಿಯುವ ಮೊದಲೇ ಪರೀಕ್ಷೆ ಮಾಡಿದರೆ ತಾತ್ಕಾಲಿಕ ಯಾವುದು, ಶಾಶ್ವತ ಯಾವುದು ಎಂದು ಹೇಳಲು ಬರುವುದಿಲ್ಲ. ಅದಕ್ಕಾಗಿಯೇ, ಮುಂದಿನ ವರ್ಷಗಳಲ್ಲಿ ಹೋಲಿಸಿ ನೋಡಲು ಆಧಾರವಾಗುವ ಮೊದಲ ಶ್ರವಣ ಪರೀಕ್ಷೆಗೆ ಮುಂಚೆ ಕನಿಷ್ಠ 14 ಗಂಟೆ ಕೆಲಸದ ಸದ್ದಿನಿಂದ ದೂರವಿರಬೇಕೆಂಬ ನಿಯಮವನ್ನು ಈ ಕ್ಷೇತ್ರದಲ್ಲಿ ಪಾಲಿಸುತ್ತಾರೆ.

ನಮ್ಮ ವಿಭಾಗದ ಸರದಿ ಬಿದ್ದದ್ದು ಗುರುವಾರ. ಬುಧವಾರ ರಾತ್ರಿ ಹತ್ತರವರೆಗೆ ನನಗೆ ಎರಡನೇ ಪಾಳಿ. ಮಾರನೆಯ ಬೆಳಿಗ್ಗೆ ಎಂಟಕ್ಕೆ ಪರೀಕ್ಷೆ ಎಂದರೆ ನಡುವೆ ಹತ್ತೇ ಗಂಟೆ. ಇದನ್ನು ಸೂಪರ್‌ವೈಸರಿಗೆ ಹೇಳಿ, ನಮ್ಮ ವಿಭಾಗವನ್ನೂ ಹಲ್ಲಿಂಗ್ ವಿಭಾಗವನ್ನೂ ಸೋಮವಾರಕ್ಕೆ ಹಾಕಬಹುದೇ ಎಂದು ಕೇಳಿದೆ.

“ಎಲ್ಲರಿಗೂ ಒಂದೇ ನಿಯಮ ಅಲ್ವಾ? ಪ್ಯಾಕಿಂಗ್‌ನವರು, ಆಫೀಸಿನವರು ಯಾರೂ ಕೇಳಲಿಲ್ಲವಲ್ಲ,” ಎಂದರು.

“ಸರ್, ಆಫೀಸಿನಲ್ಲಿ ಸದ್ದಿಲ್ಲ. ಅವರನ್ನು ಗುರುವಾರಕ್ಕೆ ಹಾಕಿ, ನಮ್ಮನ್ನು ರಜೆ ಕಳೆದ ಮಾರನೆಯ ದಿನಕ್ಕೆ ಹಾಕಿದರೆ ಯಾರ ಕೆಲಸವೂ ಕೆಡುವುದಿಲ್ಲ. ಭಾನುವಾರ ಯಂತ್ರ ನಿಂತೇ ಇರುತ್ತದೆ,” ಎಂದೆ.

ತಪಾಸಣೆಗೆ ಬರುವ ವೈದ್ಯರನ್ನು ಕೇಳಿ ಹೇಳುವುದಾಗಿ ಹೇಳಿದರು. ವೈದ್ಯರು ಒಪ್ಪಿದ್ದು ಮಾತ್ರವಲ್ಲ, ಸದ್ದಿನ ವಿಭಾಗಗಳಿಗೆ ಹಾಗೆಯೇ ಮಾಡಬೇಕೆಂದು ತಿಳಿಸಿದ್ದರಿಂದ ಪಟ್ಟಿ ಬದಲಾಯಿತು. ನೌಕರರು ಕೇಳಿದರೆ ಬದಲಾಗುವ ಸಂಗತಿಗಳೂ ಇರುತ್ತವೆ. ಕೇಳುವಾಗ ಕಾರಣವನ್ನು ಎರಡು ಮಾತಿನಲ್ಲಿ ಹೇಳಲು ಬರಬೇಕು, ಅಷ್ಟೆ.

ಸೋಮವಾರ ಗೊತ್ತಾದೊಡನೆ ಇನ್ನೊಂದು ತೊಡಕು ಎದುರಾಯಿತು. ಆ ಕಾಲದಲ್ಲಿ ಕೊಡಗಿನಲ್ಲಿ ಭಾನುವಾರವೆಂದರೆ ಮದುವೆಯ ದಿನ. ನಮ್ಮಲ್ಲಿ ಹಲವರಿಗೆ ಆ ಭಾನುವಾರವೂ ಕರೆ ಇತ್ತು. ಮದುವೆಯೆಂದರೆ ವಾಲಗವಿದೆ, ಕೆಲವು ಮನೆಗಳಲ್ಲಿ ಆಕಾಶಕ್ಕೆ ಹಾರಿಸುವ ಗುಂಡಿದೆ, ಊಟಕ್ಕೆ ಹಂದಿ ಕರಿ ಇದೆ, ಗಂಡಸರ ಕೈಗೆ ಗ್ಲಾಸು ಬರುತ್ತದೆ. ಕಾರ್ಖಾನೆಯ ಸದ್ದಿನಿಂದ ತಪ್ಪಿಸಿಕೊಂಡ ಕಿವಿಯನ್ನು ವಾಲಗದವರ ಪಕ್ಕದಲ್ಲಿ ಕೂರಿಸಿದರೆ ಸೋಮವಾರವನ್ನು ಕೇಳಿ ಪಡೆದದ್ದು ವ್ಯರ್ಥ. ಮದ್ಯ ಮತ್ತು ಜಿಡ್ಡಿನ ಊಟದ ಪರಿಣಾಮ ಮಾರನೆಯ ದಿನದ ಟ್ರೈಗ್ಲಿಸರೈಡ್ (ರಕ್ತದಲ್ಲಿನ ಒಂದು ಬಗೆಯ ಕೊಬ್ಬು) ಅಂಕಿಯಲ್ಲಿ ಚೆನ್ನಾಗಿಯೇ ಕಾಣಿಸುತ್ತದೆ. ಆದ್ದರಿಂದ ಕನಿಷ್ಠ 24 ಗಂಟೆ ಮದ್ಯ ಬೇಡವೆನ್ನುತ್ತಾರೆ. ನಾನು ಮುಹೂರ್ತಕ್ಕೆ ಹೋಗಿ, ಸಭಾಂಗಣದ ಹಿಂದಿನ ಸಾಲಿನಲ್ಲಿ ಕುಳಿತು, ನಿತ್ಯದ ಅಳತೆಯಲ್ಲೇ ಉಂಡು ಮಧ್ಯಾಹ್ನವೇ ಮನೆಗೆ ಬಂದೆ. ನನ್ನ ಜೊತೆ ಬಂದ ಹಲ್ಲಿಂಗ್ ವಿಭಾಗದ ಒಬ್ಬ ಅಣ್ಣನಿಗೆ ನೆಂಟರನ್ನು ಬಿಟ್ಟು ಬರುವುದು ಕಷ್ಟವಾಯಿತು. ಆತ ತನ್ನ ರಕ್ತದ ಸರದಿಯನ್ನು ಬುಧವಾರಕ್ಕೆ ಬದಲಿಸಿಕೊಂಡು, ಅಲ್ಲಿಯವರೆಗೆ ಕುಡಿಯದೆ ಉಳಿದ. ಕುಡಿದು ಬಂದು ಕುಡಿದಿಲ್ಲವೆಂದು ಹೇಳುವುದಕ್ಕಿಂತ ಇದು ಎಷ್ಟೋ ಮೇಲು.

ಅದೇ ಅಣ್ಣನ ವಿಷಯದಲ್ಲಿ ಇನ್ನೊಂದು ಮಾತು. ಶ್ರವಣ ಪರೀಕ್ಷೆಯ ಅರ್ಜಿಯಲ್ಲಿ ಕೆಲಸದಾಚೆಗಿನ ಸದ್ದುಗಳ ಬಗ್ಗೆ ಪ್ರಶ್ನೆ ಇರುತ್ತದೆ. ನಮ್ಮ ಜಿಲ್ಲೆಯಲ್ಲಿ ಆ ಪ್ರಶ್ನೆಗೆ ಉತ್ತರ ಬೇರೆ ಕಡೆಗಿಂತ ಉದ್ದವಾಗುತ್ತದೆ: ಮನೆಯಲ್ಲಿ ಕೋವಿ ಇದೆ, ಕೈಲ್ ಮುಹೂರ್ತದ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವಿದೆ, ತೋಟದಲ್ಲಿ ಕಳೆ ಕತ್ತರಿಸುವ ಯಂತ್ರವಿದೆ, ಮರದ ಕೊಂಬೆ ಕಡಿಯುವ ಕಪಾತಿಗೆ ಚೈನ್ ಸಾ ಇದೆ. ಬಲ ಹೆಗಲಿಗೆ ಕೋವಿ ಇಟ್ಟು ಹೊಡೆಯುವವರಿಗೆ ಕೋವಿಯ ಬಾಯಿಗೆ ಹತ್ತಿರವಾಗುವುದು ಎಡಗಿವಿ. ಅವರಲ್ಲಿ ಎಡಗಿವಿಯೇ ಹೆಚ್ಚು ಕೆಟ್ಟಿರುವುದು ಸಾಮಾನ್ಯ. ಕಾರ್ಖಾನೆಯ ಸದ್ದು ಎರಡೂ ಕಿವಿಯನ್ನು ಹೆಚ್ಚು ಕಡಿಮೆ ಸಮನಾಗಿ ತಟ್ಟುತ್ತದೆ. ಇದನ್ನೆಲ್ಲ ಬರೆಯದೆ ಬಿಟ್ಟರೆ ವೈದ್ಯರು ಕಾಗದದ ಮೇಲಿನ ಗೆರೆಯನ್ನು ಹೇಗೆ ಓದಬೇಕು? ನನ್ನ ಪಾಲಿಗೆ ಕೋವಿ ಇಲ್ಲ, ಕಳೆ ಯಂತ್ರವನ್ನು ಬರೆದುಕೊಂಡೆ. ಕಿವಿಯ ಗುಗ್ಗೆಯನ್ನು ಪಿನ್ನಿನಿಂದ ತೆಗೆಯಬಾರದು. ಗಟ್ಟಿಯಾಗಿ ಮುಚ್ಚಿಕೊಂಡಿದ್ದರೆ ವಾರ ಮೊದಲೇ ವೈದ್ಯರಲ್ಲಿ ತೆಗೆಸಬೇಕು. ನೆಗಡಿ ಇದ್ದರೆ ಅದನ್ನೂ ಹೇಳಬೇಕು, ಏಕೆಂದರೆ ಮೂಗು ಕಟ್ಟಿದಾಗ ಕಿವಿಯೂ ಮಂದವಾಗುತ್ತದೆ.

ರಕ್ತದ ಪರೀಕ್ಷೆಗೆ ಎಂಟರಿಂದ ಹನ್ನೆರಡು ಗಂಟೆಯ ಉಪವಾಸ ಸಾಕು. ಜಾಸ್ತಿ ಉಪವಾಸವಿದ್ದರೆ ಜಾಸ್ತಿ ಒಳ್ಳೆಯದೆಂಬ ನಂಬಿಕೆ ನಮ್ಮಲ್ಲಿ ವ್ರತಗಳಿಂದ ಬಂದದ್ದಿರಬೇಕು. ಸಂಜೆ ಐದಕ್ಕೆ ಉಂಡು ಮಲಗಿದ ಒಬ್ಬ ಅಕ್ಕ ಬೆಳಿಗ್ಗೆ ತಲೆ ಸುತ್ತಿ ಬೆಂಚಿನ ಮೇಲೆ ಮಲಗಬೇಕಾಯಿತು. ರಾತ್ರಿ ಎಂಟೂವರೆಗೆ ಅನ್ನ, ಸಾರು, ಪಲ್ಯ ಉಂಡು ನಿಲ್ಲಿಸಿದೆ. ನೀರು ಕುಡಿಯಬಹುದು, ಕುಡಿಯಲೂ ಬೇಕು. ನೀರು ಬಿಟ್ಟರೆ ರಕ್ತನಾಳ ಸಿಗುವುದು ಕಷ್ಟವಾಗಿ ಸೂಜಿಯ ಚುಚ್ಚು ಹೆಚ್ಚುತ್ತದೆ. ಕಷ್ಟವಿದ್ದದ್ದು ಕಾಫಿಯಲ್ಲಿ. ಕಾಫಿಯ ನಡುವೆಯೇ ದಿನ ಕಳೆಯುವ ನಾವು ಬೆಳಿಗ್ಗೆ ಎದ್ದೊಡನೆ ಬೆಲ್ಲದ ಕರಿಕಾಫಿ ಕುಡಿಯುವವರು. ಹಾಲಿಲ್ಲವೆಂದು ಅದನ್ನು ನೀರಿನ ಲೆಕ್ಕಕ್ಕೆ ಸೇರಿಸಿ ಕುಡಿದು ಬಂದವರು ಸರದಿಯಲ್ಲಿ ಇಬ್ಬರಾದರೂ ಇದ್ದರು. ಬೆಲ್ಲ ಸಕ್ಕರೆಯೇ, ಬೆಲ್ಲ ಹಾಕದಿದ್ದರೂ ಕಾಫಿಯಲ್ಲಿರುವ ಕೆಫೀನ್ ರಕ್ತದೊತ್ತಡವನ್ನು ಸ್ವಲ್ಪ ಹೊತ್ತು ಏರಿಸುತ್ತದೆ. ದಿನಾ ಕುಡಿಯುವವರು ಒಮ್ಮೆಲೇ ಬಿಟ್ಟರೆ ತಲೆನೋವು ಬರುವುದೂ ಉಂಟು. ನಾನು ಸಂಜೆಯ ಕಾಫಿಯನ್ನು ಎಂದಿನಂತೆ ಕುಡಿದು, ಬೆಳಗಿನದನ್ನು ರಕ್ತ ಕೊಟ್ಟ ಮೇಲೆಂದು ಮುಂದೂಡಿ, ಸರದಿಯಲ್ಲಿ ಮೊದಲಿನ ಟೋಕನ್ ಪಡೆಯಲು ಬೇಗ ಹೋದೆ.

ಬೇಗ ಹೋಗುವುದು ಎಲ್ಲರಿಗೂ ಆಗುವ ಮಾತಲ್ಲ. ಸುಂಟಿಕೊಪ್ಪ ಕಡೆಯಿಂದ ಆನೆಕಾಡು ದಾಟಿ ಬರುವವರು, ತೋಟದ ಲೈನ್ ಮನೆಗಳಿಂದ ಮುಖ್ಯ ರಸ್ತೆಯವರೆಗೆ ನಡೆದು ಬರುವವರು, ಬೆಳಕು ಹರಿಯುವ ಮುನ್ನ ಹೊರಡುವಂತಿಲ್ಲ. ದಾರಿಯಲ್ಲಿ ಆನೆ ನಿಂತಿರುವ ಭಯ ನಿಜವಾದದ್ದು. ಅಂಥವರ ಸರದಿ ಹತ್ತು ಗಂಟೆಗೆ ಬರುತ್ತದೆಯೆಂದು ಮೊದಲೇ ಗೊತ್ತಿದ್ದರೆ ಅವರು ರಾತ್ರಿ ಹತ್ತಕ್ಕೆ ಉಣ್ಣಬಹುದು. ಉಪವಾಸದ ಲೆಕ್ಕ ಸೂಜಿ ಚುಚ್ಚುವ ಹೊತ್ತಿನಿಂದ ಹಿಂದಕ್ಕೆ ಹೋಗಬೇಕೇ ಹೊರತು ನೋಟಿಸಿನಲ್ಲಿ ಬರೆದ ಹೊತ್ತಿನಿಂದಲ್ಲ.

ನಿತ್ಯ ಮಾತ್ರೆ ತೆಗೆದುಕೊಳ್ಳುವವರ ವಿಷಯದಲ್ಲಿ ಮಾತ್ರ ಯಾರೂ ಅಂದಾಜಿನಲ್ಲಿ ನಡೆಯಬಾರದು. ನನಗೆ ರಕ್ತದೊತ್ತಡದ ಮಾತ್ರೆ ಇದೆ. ಕುಶಾಲನಗರದಲ್ಲಿ ನನಗೆ ಔಷಧಿ ಬರೆದುಕೊಡುವ ವೈದ್ಯರನ್ನು ಹಿಂದಿನ ವಾರವೇ ಕೇಳಿದಾಗ, ಎಂದಿನ ಹೊತ್ತಿಗೆ ನೀರಿನೊಂದಿಗೆ ತೆಗೆದುಕೊಳ್ಳಿ, ಬಿಟ್ಟರೆ ಆ ದಿನದ ಅಂಕಿ ನಿಮ್ಮದಾಗಿರುವುದಿಲ್ಲ ಎಂದರು. ಸಕ್ಕರೆ ಕಾಯಿಲೆಯವರ ಸಂಗತಿ ಇದಕ್ಕೆ ವಿರುದ್ಧ. ಇನ್ಸುಲಿನ್ ಅಥವಾ ಸಕ್ಕರೆಯನ್ನು ಒಮ್ಮೆಲೇ ಇಳಿಸುವ ಕೆಲವು ಮಾತ್ರೆಗಳನ್ನು ಉಪವಾಸದಲ್ಲಿ ತೆಗೆದುಕೊಂಡರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದಾದ್ದರಿಂದ, ಅವರಿಗೆ ಸಾಮಾನ್ಯವಾಗಿ ರಕ್ತ ಕೊಟ್ಟು ತಿಂಡಿ ತಿನ್ನುವಾಗ ತೆಗೆದುಕೊಳ್ಳಲು ಹೇಳುತ್ತಾರೆ. ಅದನ್ನು ಹೇಳಬೇಕಾದವರು ಅವರವರ ವೈದ್ಯರೇ. ಮಾತ್ರೆಯ ಹೆಸರು ನೆನಪಿಲ್ಲದವರು ಮಾತ್ರೆಯ ಖಾಲಿ ಸ್ಟ್ರಿಪ್ಪನ್ನೇ ಚೀಲದಲ್ಲಿ ಹಾಕಿಕೊಂಡು ಬರುವಂತೆ ನಮ್ಮ ಮೇಜಿನ ಎಲ್ಲರಿಗೂ ಹೇಳಿದೆ. ನಾಟಿ ಮದ್ದು, ಕಷಾಯ ಕುಡಿಯುವವರು ಅದನ್ನು ಔಷಧಿಯೆಂದು ಎಣಿಸದೆ ಮುಚ್ಚಿಡುತ್ತಾರೆ. ಅದೂ ಹೇಳಬೇಕಾದದ್ದೇ.

ಶ್ವಾಸಕೋಶದ ಪರೀಕ್ಷೆಯ ತಯಾರಿಯನ್ನು ನಾನು ತಿಂಗಳ ಮೊದಲೇ ಆರಂಭಿಸಿದ್ದೆ ಎನ್ನಬೇಕು. ಹಲ್ಲಿಂಗ್‌ನಲ್ಲಿ ಹಾರುವ ಹೊಟ್ಟಿನ ಧೂಳು ಸೂಕ್ಷ್ಮವಾದದ್ದು. ಹಸಿ ಕಾಫಿ ಬೀಜದ ಧೂಳು ಕೆಲವರಲ್ಲಿ ಸೀನು, ಕಣ್ಣುರಿ, ಉಬ್ಬಸ ತರುತ್ತದೆ ಎಂಬುದು ಬಹಳ ಹಿಂದೆಯೇ ದಾಖಲಾಗಿದೆ. ಹರಳೆಣ್ಣೆ ತೆಗೆಯುವ ಹರಳು ಬೀಜ ತುಂಬಿದ್ದ ಗೋಣಿಚೀಲವನ್ನು ಮತ್ತೆ ಕಾಫಿಗೆ ಬಳಸಿದಾಗ ಹರಳಿನ ಧೂಳಿನಿಂದಲೂ ಅಂಥದೇ ತೊಂದರೆ ಬಂದ ಉದಾಹರಣೆಗಳು ಹೊರದೇಶಗಳಲ್ಲಿವೆ. ಕೆಮ್ಮು ಕೆಲಸದಿಂದ ಬಂದದ್ದೇ ಎಂದು ತಿಳಿಯಲು ವೈದ್ಯರು ಕೇಳುವ ಮುಖ್ಯ ಪ್ರಶ್ನೆ, ರಜೆಯ ದಿನಗಳಲ್ಲಿ ಅದು ಕಡಿಮೆಯಾಗುತ್ತದೆಯೇ ಎಂಬುದು. ಆ ದಿನ ಕುಳಿತು ನೆನಪಿಸಿಕೊಂಡು ಹೇಳಿದರೆ ಉತ್ತರ ಸಡಿಲವಾಗುತ್ತದೆ. ಆದ್ದರಿಂದ ಪಾಳಿಯ ಪುಸ್ತಕದ ಹಿಂದಿನ ಹಾಳೆಗಳಲ್ಲಿ, ಯಾವ ದಿನ ಕೆಮ್ಮಿದೆ, ಆ ದಿನ ಯಾವ ಯಂತ್ರದ ಬಳಿ ಇದ್ದೆ, ಚೆರ್ರಿ (ಹಣ್ಣಾಗಿಯೇ ಒಣಗಿಸಿದ ಕಾಫಿ) ನಡೆಯುತ್ತಿತ್ತೇ, ತಿರುಳು ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ನಡೆಯುತ್ತಿತ್ತೇ, ರಾತ್ರಿ ಎದೆ ಬಿಗಿಯಿತೇ ಎಂದು ಗುರುತು ಹಾಕುತ್ತ ಬಂದೆ. ಚೆರ್ರಿಯ ದಿನಗಳಲ್ಲಿ ಗುರುತು ಹೆಚ್ಚು, ಭಾನುವಾರ ಇಲ್ಲವೆನ್ನುವಷ್ಟು ಕಡಿಮೆ. ತಪಾಸಣೆಯನ್ನು ಮಳೆಗಾಲಕ್ಕೆ, ಕೆಲಸ ಕಡಿಮೆಯಿರುವ ಕಾಲಕ್ಕೆ ಇಟ್ಟರೆ ಆಡಳಿತಕ್ಕೆ ಅನುಕೂಲವೆಂಬ ಮಾತು ಹಿಂದೆ ಕೇಳಿದ್ದೆ. ನನ್ನ ಅಭಿಪ್ರಾಯದಲ್ಲಿ ಧೂಳಿನ ಕಾಲದಲ್ಲೇ ನಡೆಸುವುದು ಸರಿ.

ಶ್ವಾಸಕೋಶದ ಈ ಊದುವ ಪರೀಕ್ಷೆಗೆ ಮುಂಚೆ ಎರಡು ಗಂಟೆ ಹೊಟ್ಟೆ ತುಂಬ ಉಣ್ಣಬಾರದು, ಒಂದು ಗಂಟೆಯಾದರೂ ಬೀಡಿ ಸಿಗರೇಟು ಸೇದಬಾರದು, ಬಿಗಿಯಾದ ಬಟ್ಟೆ ತೊಡಬಾರದು. ಇನ್‌ಹೇಲರ್ ಬಳಸುವವರು ಅಂದು ಬಳಸಬೇಕೇ ಬೇಡವೇ ಎಂದು ಮೊದಲೇ ಕೇಳಿಕೊಳ್ಳಬೇಕು. ಎತ್ತರವನ್ನು ಚಪ್ಪಲಿ ಕಳಚಿಯೇ ಅಳೆಯುತ್ತಾರೆ, ಏಕೆಂದರೆ ಎಷ್ಟು ಗಾಳಿ ಊದಬೇಕೆಂಬ ನಿರೀಕ್ಷಿತ ಅಂಕಿ ಎತ್ತರ, ವಯಸ್ಸು, ಲಿಂಗಗಳ ಮೇಲೆ ನಿಂತಿರುತ್ತದೆ. ಎದೆ ತುಂಬ ಉಸಿರೆಳೆದು, ಒಮ್ಮೆಲೇ ರಭಸದಿಂದ ಬಿಟ್ಟು, ಸುಮಾರು ಆರು ಸೆಕೆಂಡು ನಿಲ್ಲಿಸದೆ ಊದುತ್ತಿರಬೇಕು. ಸರಿಯಾಗಿ ಮೂರು ಸಲ ಬರುವವರೆಗೆ ಬಿಡುವುದಿಲ್ಲ. ಒಲೆ ಊದುವ ಕೊಳವೆಗೆ ಊದಿದ ಅಭ್ಯಾಸವಿದ್ದವರಿಗೆ ಇದು ಸಲೀಸು ಎಂದುಕೊಂಡಿದ್ದೆ, ಹಾಗೇನೂ ಇಲ್ಲ. ಒಲೆಗೆ ಬಿಟ್ಟು ಬಿಟ್ಟು ಊದುತ್ತೇವೆ.

ಕಣ್ಣಿನ ಪರೀಕ್ಷೆಯಲ್ಲಿ ಆರು ಮೀಟರ್ ದೂರದ ಅಕ್ಷರಗಳನ್ನು ಓದಿಸಿ ಕಳುಹಿಸುವುದು ರೂಢಿ. ಕೆಟ್ಟ ಬೀಜವನ್ನು ಕೈಯಿಂದ ಆರಿಸಿ ತೆಗೆಯುವ ನಮ್ಮ ಗಾರ್ಬ್ಲಿಂಗ್ ಮೇಜಿನ ಮಹಿಳೆಯರು ದಿನವಿಡೀ ನೋಡುವುದು ಕೈಯಳತೆಯ ದೂರದಲ್ಲಿ, ಕಪ್ಪು ಬೀಜ, ಕಂದು ಬೀಜ, ಬೋರರ್ ಹುಳು ಕೊರೆದ ಬೀಜ, ಚೂರುಗಳನ್ನು. ನಲವತ್ತು ದಾಟಿದ ಮೇಲೆ ಕುಂದುವುದು ಹತ್ತಿರದ ದೃಷ್ಟಿ. ಆದ್ದರಿಂದ ಹತ್ತಿರದ ಓದಿನ ಫಲಕವನ್ನೂ ಬಣ್ಣದ ಚುಕ್ಕಿಗಳ ಇಶಿಹಾರ ಪುಸ್ತಕವನ್ನೂ ತರಿಸುವಂತೆ ಮುಂಚಿತವಾಗಿ ಕೇಳಿಕೊಂಡೆವು. ಕನ್ನಡಕ ಇದ್ದವರು ಅದನ್ನು ತರಬೇಕು. ಕನ್ನಡಕವಿದೆ ಎಂದು ತಿಳಿದರೆ ಕೆಲಸ ಹೋದೀತೆಂದು ಮನೆಯಲ್ಲೇ ಬಿಟ್ಟು ಬರುವವರು ನಮ್ಮಲ್ಲಿಯೂ ಇದ್ದಾರೆ.

ಉಳಿದವು ಚಿಕ್ಕ ಸಂಗತಿಗಳು. ಇಸಿಜಿಯ ದಿನ ಎದೆಗೆ ಎಣ್ಣೆ, ಕ್ರೀಮು ಹಚ್ಚಬಾರದು. ಎಕ್ಸ್‌ರೇಗೆ ಕುತ್ತಿಗೆಯ ಸರ ತೆಗೆಯಬೇಕಾಗುತ್ತದೆ. ಕರಿಮಣಿ ತೆಗೆಯಲು ಮನಸ್ಸಿಲ್ಲದವರು ಅದನ್ನು ಮೊದಲೇ ಯೋಚಿಸಿಕೊಂಡು ಬರುವುದು ಒಳ್ಳೆಯದು, ಮತ್ತು ಗರ್ಭಿಣಿಯಾಗಿರುವ ಸಂಶಯವಿದ್ದರೂ ಹೇಳಲೇಬೇಕು. ಮೂತ್ರದ ಮೊದಲ ಭಾಗ ಬಿಟ್ಟು ನಡುವಿನದನ್ನು ಹಿಡಿಯಬೇಕು. ಮುಟ್ಟಿನ ದಿನಗಳಾಗಿದ್ದರೆ ಸಿಸ್ಟರಿಗೆ ತಿಳಿಸಿದರೆ ಬೇರೆ ದಿನ ಕೊಡುತ್ತಾರೆ.

ಅರ್ಜಿಯನ್ನು ಒಂದು ದಿನ ಮೊದಲೇ ಕೇಳಿ ಪಡೆದು ಮನೆಯಲ್ಲಿ ತುಂಬಿಸಿದ್ದರಿಂದ ಒಪ್ಪಿಗೆಯ ಭಾಗವನ್ನು ನಿಧಾನವಾಗಿ ಓದಲು ಸಾಧ್ಯವಾಯಿತು. ರಕ್ತದಲ್ಲಿ ಏನೇನು ನೋಡುತ್ತಾರೆ, ವರದಿ ಯಾರ ಕೈಗೆ ಹೋಗುತ್ತದೆ ಎಂಬೆರಡು ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ ಕೇಳಿದೆ. ಪೂರ್ಣ ವರದಿ ನೌಕರರಿಗೆ, ಕೆಲಸಕ್ಕೆ ಯೋಗ್ಯರೇ ಎಂಬ ಪ್ರಮಾಣಪತ್ರ ಆಡಳಿತಕ್ಕೆ ಎಂದು ವೈದ್ಯರು ಉತ್ತರಿಸಿದರು. ಮುಂದಿನ ಸಾಲಿನಲ್ಲಿದ್ದ ಹುಡುಗನಿಗೆ ಎಚ್‌ಐವಿ ಪರೀಕ್ಷೆಯನ್ನೂ ಸದ್ದಿಲ್ಲದೆ ಮಾಡಿಬಿಡುತ್ತಾರೆಂಬ ಅಂಜಿಕೆ ಇತ್ತು. ತಿಳಿಸಿ ಹೇಳಿ ಒಪ್ಪಿಗೆ ಪಡೆಯದೆ ಅದನ್ನು ಮಾಡುವಂತಿಲ್ಲ, ಉದ್ಯೋಗಕ್ಕೆ ಅದನ್ನು ಷರತ್ತಾಗಿ ಇಡುವಂತೆಯೂ ಇಲ್ಲ ಎಂದು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಹೇಳುತ್ತದೆ ಎಂದು ಅವನಿಗೆ ತಿಳಿಸಿದೆ.

ಸೋಮವಾರ ಬೆಳಿಗ್ಗೆ ನಾನು ಅನುಸರಿಸಿದ ಕ್ರಮ ಹೀಗಿತ್ತು. ಮೊದಲು ರಕ್ತದೊತ್ತಡ. ಬಸ್ಸಿನಿಂದಿಳಿದು ಓಡಿ ಬಂದವರು ನೇರವಾಗಿ ರಕ್ತದೊತ್ತಡದ ಯಂತ್ರದ ಪಟ್ಟಿಗೆ ತೋಳು ಕೊಡುವುದನ್ನು ನೋಡಿ, ನಾನು ಮೂತ್ರ ವಿಸರ್ಜಿಸಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೂರಿ ಐದು ನಿಮಿಷ ಮಾತಿಲ್ಲದೆ ಕುಳಿತೆ. ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟೆ. ಮೇಲಿನ ಅಂಕಿ ಮೊದಲ ಸಲ 146, ಎರಡನೆಯ ಸಲ 136 ಬಂತು. ಒಂದೇ ಸಲ ನೋಡಿ ಬರೆದುಕೊಂಡಿದ್ದರೆ 140ರ ಗೆರೆ ದಾಟಿದವರ ಸಾಲಿಗೆ ನಾನು ಸೇರುತ್ತಿದ್ದೆ. ಆಮೇಲೆ ರಕ್ತ ಕೊಟ್ಟು, ಕಿವಿಯ ಕೋಣೆಗೆ ಹೋಗಿ, ಅಲ್ಲಿಂದ ಬಂದು ಇಡ್ಲಿಯ ಜೊತೆ ಕೊನೆಗೂ ಕಾಫಿ ಕುಡಿದೆ. ಊಟದ ನಂತರದ ಸಕ್ಕರೆ ಪರೀಕ್ಷೆಗೆ ಎರಡು ಗಂಟೆಯನ್ನು ತಿನ್ನಲು ಆರಂಭಿಸಿದ ಹೊತ್ತಿನಿಂದ ಎಣಿಸಬೇಕಾದ್ದರಿಂದ ಗಡಿಯಾರ ನೋಡಿ ಕೈಮೇಲೆ ಬರೆದುಕೊಂಡೆ. ಆ ಎರಡು ಗಂಟೆಯ ನಡುವೆ ಕಣ್ಣು, ಇಸಿಜಿ, ಎಕ್ಸ್‌ರೇ ಮುಗಿದವು. ಎರಡನೇ ರಕ್ತ ಕೊಟ್ಟ ಮೇಲೆ, ಹೊಟ್ಟೆ ಹಗುರಾದಾಗ, ಊದುವ ಪರೀಕ್ಷೆ.

ವರದಿ ಬಂದಾಗ ಖಾಲಿ ಹೊಟ್ಟೆಯ ಸಕ್ಕರೆ 108 ಇತ್ತು. 100ರಿಂದ 125ರ ನಡುವಿನದನ್ನು ಸಕ್ಕರೆ ಕಾಯಿಲೆಗೆ ಮುಂಚಿನ ಹಂತವೆಂದು ಎಣಿಸುತ್ತಾರೆ. ಶ್ರವಣದ ಗೆರೆ, ತೀಕ್ಷ್ಣ ದನಿಗಳ 4000 ಹರ್ಟ್ಸ್ ಬಳಿ, ಎರಡೂ ಕಿವಿಯಲ್ಲಿ ಸ್ವಲ್ಪ ತಗ್ಗಿತ್ತು, ಸದ್ದಿನ ಹಾನಿ ಮೊದಲು ಕಾಣಿಸಿಕೊಳ್ಳುವುದು ಅಲ್ಲಿಯೇ. ರಜೆಯ ನಂತರ ಮಾಡಿದ ಪರೀಕ್ಷೆಯಾದ್ದರಿಂದ ಇದು ಹಿಂದಿನ ರಾತ್ರಿಯ ಮಂದತನವಲ್ಲವೆಂದು ವೈದ್ಯರು ನಿಸ್ಸಂಶಯವಾಗಿ ಹೇಳಿದರು. ಕೆಮ್ಮಿನ ಪುಟಗಳನ್ನು ನೋಡಿ, ಚೆರ್ರಿಯ ದಿನಗಳಲ್ಲಿ ಪಾಳಿಯ ಆದಿ ಅಂತ್ಯಗಳಲ್ಲಿ ಊದಿಸಿ ಹೋಲಿಸಬೇಕೆಂದು ಬರೆದರು. ಮೂಲ ವರದಿಯ ಒಂದು ಪ್ರತಿಯನ್ನು ನಾನು ಮನೆಯಲ್ಲಿಟ್ಟುಕೊಂಡಿದ್ದೇನೆ. ಇಯರ್ ಮಫ್ ಬೇಕೆಂಬ ಅರ್ಜಿಗೆ ಆ ಗೆರೆಯ ನಕಲನ್ನು ಲಗತ್ತಿಸಿ ಗ್ರೇಡಿಂಗ್ ಮತ್ತು ಹಲ್ಲಿಂಗ್ ವಿಭಾಗದವರೆಲ್ಲ ಸಹಿ ಮಾಡಿ ಕೊಟ್ಟಿದ್ದೇವೆ. ಮುಂದಿನ ತಪಾಸಣೆಯಲ್ಲಿ ಸದ್ದಿನ ವಿಭಾಗಗಳಿಗೆ ಸೋಮವಾರವೇ ಸರದಿ ಎಂದು ಸೂಪರ್‌ವೈಸರ್ ಈಗಲೇ ಪಟ್ಟಿಯಲ್ಲಿ ನಮೂದಿಸಿದ್ದಾರೆ.